ಬೋಣಿಯಾಗದ ಬುಟ್ಟಿ

ಆ ಬೆಳಿಗ್ಗೆ ಬಂಗುಡೆ ಮೀನಿನಿಂದ ಸೀಮೆಎಣ್ಣೆಯ ವಾಸನೆ ಬಂದದ್ದು ನಿಜವೋ, ನನ್ನ ಮೂಗು ಕಟ್ಟಿದ ಕಥೆಯೋ, ಈಗ ಆಣೆಯಿಟ್ಟು ಹೇಳಲಾರೆ. ವಾಸನೆಯ ಫೋಟೊ ತೆಗೆದಿಡಲು ಬರುವುದಿಲ್ಲ. ಸಣ್ಣಗೆ ಮಳೆ ಹನಿಯುತ್ತಿತ್ತು ಎಂದು ನನ್ನ ನೆನಪು. ಆ ದಿನ ಒಳ್ಳೆಯ ಬಿಸಿಲಿತ್ತು, ಎರಡು ದಿನದ ಬಟ್ಟೆ ಒಣಗಿಸಿದ್ದೇನೆ ಎಂದು ಹೆಂಡತಿ ಹೇಳುತ್ತಾಳೆ. ಬಟ್ಟೆಯ ವಿಷಯದಲ್ಲಿ ಅವಳ ನೆನಪು ತಪ್ಪಿದ್ದನ್ನು ನಾನು ಕಂಡಿಲ್ಲ. ಹಾಗಾದರೆ ಆ ಮಳೆಯನ್ನು ನಾನು ಎಲ್ಲಿಂದ ತಂದೆ? ಬೇಡವೆಂದ ಮೇಲೆ ಮೀನು ಮಾರುವ ಅಕ್ಕ ಮತ್ತೊಂದು ಮಾತೂ ಆಡದೆ ನನ್ನ ಗೇಟಿನಿಂದ ಹೊರಟುಹೋದಳು ಎಂಬುದೂ ಅದೇ ತಲೆಯಲ್ಲಿ, ಅದೇ ಮಳೆಯ ಜೊತೆಗೆ ಕೂತಿದೆ. ಒಂದು ಸುಳ್ಳಾದರೆ ಇನ್ನೊಂದನ್ನು ಯಾವ ಧೈರ್ಯದಿಂದ ನಂಬಲಿ?

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಲ್ಯಾಬಿಗೆ ಬರುವ ಹೊಸ ಮಕ್ಕಳಿಗೆ ಮೊದಲ ವಾರವೇ ಹೇಳುತ್ತೇನೆ: ಕಂಡದ್ದನ್ನು ಕಂಡ ಕೂಡಲೇ ಬರೆಯಿರಿ, ಮಧ್ಯಾಹ್ನ ಬರೆದರೆ ಅದರಲ್ಲಿ ಅರ್ಧ ನಿಮ್ಮದೇ ಸೇರಿರುತ್ತದೆ. ಈ ವಿಷಯದಲ್ಲಿ ನಾನು ಮಧ್ಯಾಹ್ನವೂ ಬರೆದಿಡಲಿಲ್ಲ. ತಿಂಗಳುಗಳು ಕಳೆದ ಮೇಲೆ ಬರೆಯುತ್ತಿದ್ದೇನೆ.

ನಮ್ಮ ಮನೆ ಪಡೀಲಿನ ಒಂದು ಓಣಿಯಲ್ಲಿದೆ. ಮುಖ್ಯ ರಸ್ತೆಯಿಂದ ಇಳಿಜಾರಿಗೆ ತಿರುಗಿದರೆ ಮೊದಲ ಗೇಟು ನಮ್ಮದು. ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮನೆಗಳು, ಘಟ್ಟದ ಮೇಲಿನಿಂದ ಬಂದ ಎರಡು ಸಂಸಾರ, ಎಲ್ಲ ಸೇರಿ ಇಪ್ಪತ್ತರ ಆಸುಪಾಸು. ಹಾಗಾಗಿ ಓಣಿಯ ಭಾಷೆ ಕನ್ನಡ. ಓಣಿಯ ವಾಟ್ಸ್ಯಾಪ್ ಗುಂಪಿನ ಭಾಷೆಯೂ ಅದೇ. ನೀರು ಬಾರದ ದಿನ, ಹಾವು ಕಂಡ ದಿನ, ಯಾರದೋ ನಾಯಿ ಕಳೆದ ದಿನ ಆ ಗುಂಪು ಎಚ್ಚರವಾಗುತ್ತದೆ. ಉಳಿದ ದಿನಗಳಲ್ಲಿ ಅದರೊಳಗೆ ಸುಳ್ಳು ಸುದ್ದಿಗಳು ಓಡಾಡುತ್ತವೆ. ಅಂಥದ್ದು ಬಂದಾಗಲೆಲ್ಲ ನಾನು ಹುಡುಕಿ, ಇದು ಹಳೆಯ ವಿಡಿಯೊ, ಇದು ಬೇರೆ ದೇಶದ್ದು ಎಂದು ಬರೆಯುತ್ತಿದ್ದೆ. ಬರಬರುತ್ತಾ ಜನ ನನ್ನನ್ನೇ ಕೇಳತೊಡಗಿದರು. ‘ಮಾಸ್ಟ್ರು ಎಂತ ಹೇಳ್ತಾರೆ ನೋಡುವ’ ಎನ್ನುವುದು ಗುಂಪಿನ ವಾಡಿಕೆಯೇ ಆಯಿತು. ಅದು ನನಗೆ ಹಿತವಾಗಿತ್ತು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ.

ಮೀನಿನ ಅಕ್ಕ ಬರುತ್ತಿದ್ದುದು ಕೂಳೂರು ಸೇತುವೆಯ ಆಚೆಯಿಂದ, ಸುರತ್ಕಲ್ ಕಡೆಯ ಕಡಲ ದಂಡೆಯಿಂದ. ಅರವತ್ತರ ಹತ್ತಿರದ ಹೆಂಗಸು. ಇನ್ನಿಬ್ಬರು ಹೆಂಗಸರ ಜೊತೆ ಸೇರಿ ರಿಕ್ಷಾ ಮಾಡಿಕೊಂಡು ಬಂದು, ನಮ್ಮ ಓಣಿಯ ಬಾಯಲ್ಲಿ ಇಳಿದು, ತಲೆಯ ಮೇಲಿನ ಬುಟ್ಟಿಯನ್ನು ನನ್ನ ಗೇಟಿನ ಮೆಟ್ಟಿಲ ಮೇಲೆ ಇಳಿಸುತ್ತಿದ್ದಳು. ಮೊದಲ ವ್ಯಾಪಾರ, ಅಂದರೆ ಬೋಣಿ, ನನ್ನ ಕೈಯಿಂದಲೇ ಆಗಬೇಕು. ನಾನು ಕೊಟ್ಟ ನೋಟನ್ನು ಕಣ್ಣಿಗೊತ್ತಿ, ಬುಟ್ಟಿಯ ಅಂಚಿಗೆ ಮುಟ್ಟಿಸಿ ಸೊಂಟಕ್ಕೆ ಸಿಕ್ಕಿಸುವಳು.

“ನಿಮ್ಮ ಕೈ ಒಳ್ಳೇದುಂಟು ಮಾಸ್ಟ್ರೆ.”

“ಕೈಯಲ್ಲಿ ಎಂತ ಇಲ್ಲ ಅಕ್ಕ. ಆಸಿಡ್ ವಾಸನೆ ಮಾತ್ರ ಉಂಟು.”

“ಅದು ನಿಮಗೆ. ನನಗೆ ಬುಟ್ಟಿ ಖಾಲಿ ಆಗ್ತದೆ.”

ಬೋಣಿಯಲ್ಲಿ ನನಗೆ ನಂಬಿಕೆಯಿರಲಿಲ್ಲ, ಇಂದಿಗೂ ಇಲ್ಲ. ಆದರೆ ನಾನು ಕೊಂಡದ್ದನ್ನು ಓಣಿ ನೋಡುತ್ತಿತ್ತು. ಮಾಸ್ಟ್ರು ತೆಗೆದುಕೊಂಡರು ಎಂದರೆ ಮೀನು ತಾಜಾ ಇದೆ ಎಂದು ಉಳಿದ ಗೇಟುಗಳೂ ತೆರೆಯುತ್ತಿದ್ದವು. ಅದನ್ನು ಅವಳು ಕೈಗುಣ ಎಂದಳು. ನಾನು ಅದಕ್ಕೆ ಬೇರೆ ಹೆಸರಿಟ್ಟಿದ್ದೆ, ಅಷ್ಟೆ.

ಮಳೆಗಾಲದ ಆರಂಭ. ದೊಡ್ಡ ಬೋಟುಗಳಿಗೆ ಮೀನು ಹಿಡಿಯಲು ಎರಡು ತಿಂಗಳ ನಿಷೇಧ, ಸಣ್ಣ ದೋಣಿಗಳಿಗೆ ಇಲ್ಲ. ಅದೇ ಸುಮಾರಿಗೆ ದಕ್ಷಿಣದ ಕಡಲಿನಲ್ಲಿ ಒಂದು ಸರಕು ಹಡಗು ಮುಳುಗಿದ ಸುದ್ದಿ ಬಂತು. ತೇಲುವ ಕಂಟೇನರುಗಳ ಚಿತ್ರ ಪತ್ರಿಕೆಯ ಮುಖಪುಟದಲ್ಲಿ, ಎಣ್ಣೆಯ ಕಪ್ಪು ಪಟ್ಟಿ ಟೀವಿಯಲ್ಲಿ. ಮೊಬೈಲಿನಲ್ಲಿ ಸತ್ತ ಮೀನಿನ ರಾಶಿಗಳು. ಅವುಗಳಲ್ಲಿ ಎರಡು ಬೇರೆ ದೇಶದವು ಎಂದು ನಾನೇ ಗುಂಪಿನಲ್ಲಿ ತೋರಿಸಿದೆ. ಆದರೂ ಒಳಗೊಳಗೇ ಹೆದರಿದ್ದೆ. ಕಂಟೇನರುಗಳಲ್ಲಿ ಏನಿತ್ತು ಎಂದು ಊಟದ ಬಟ್ಟಲ ಪಕ್ಕದಲ್ಲೇ ಮೊಬೈಲು ಇಟ್ಟುಕೊಂಡು ಓದುತ್ತಿದ್ದೆ. ಬೂತಾಯಿ ಮೀನಿನ ಗಸಿ ಬಡಿಸುತ್ತಾ ಹೆಂಡತಿ ಕೇಳಿದಳು: “ಓದಿ ಊಟ ಮಾಡ್ತೀರಾ, ಊಟ ಮಾಡಿ ಓದ್ತೀರಾ? ಎರಡೂ ಒಟ್ಟಿಗೆ ಮಾಡಿದ್ರೆ ನನ್ನ ಗಸಿಯಲ್ಲೂ ಹಡಗು ಕಾಣ್ತದೆ ನಿಮಗೆ.”

ಕಂಡದ್ದು ಗಸಿಯಲ್ಲಿ ಅಲ್ಲ, ಮಾರನೆಯ ಬೆಳಿಗ್ಗೆ ಬುಟ್ಟಿಯಲ್ಲಿ.

ನನಗೆ ನೆನಪಿರುವಂತೆ ನಡೆದದ್ದು ಇಷ್ಟು. ಅಕ್ಕ ಬುಟ್ಟಿ ಇಳಿಸಿದಳು. ಮೇಲಿನ ತಾಟು ಸರಿಸಿದಳು. ಬಂಗುಡೆ, ನೀಲಿ ಬೆನ್ನು, ಕಣ್ಣು ನಿಚ್ಚಳ. ಕಿವಿರು ಎತ್ತಿ ತೋರಿಸಿದಳು, ಕೆಂಪಗಿತ್ತು. ನಾನು ಬಗ್ಗಿ ಒಂದನ್ನು ಕೈಗೆತ್ತಿಕೊಂಡೆ. ಆಗ ಆ ವಾಸನೆ ಬಡಿಯಿತು. ಪಕ್ಕಾ ಸೀಮೆಎಣ್ಣೆ.

ಇಲ್ಲಿ ನನ್ನ ಮೇಲೆ ನನಗೇ ಇರುವ ಇನ್ನೊಂದು ಸಂಶಯವನ್ನೂ ಹೇಳಬೇಕು. ಆ ಬೆಳಿಗ್ಗೆ ಸ್ಕೂಟರ್ ಸ್ಟಾರ್ಟ್ ಆಗಿರಲಿಲ್ಲ. ಪ್ಲಗ್ ಬಿಚ್ಚಿ ಪೆಟ್ರೋಲಿನಲ್ಲಿ ಒರೆಸಿದ್ದೆ. ಆಮೇಲೆ ಸಾಬೂನು ಹಚ್ಚಿ ಕೈ ತೊಳೆದೆನೋ, ಬರೀ ಹೆಗಲ ಮೇಲಿನ ಬೈರಾಸಿಗೆ ಒರೆಸಿಕೊಂಡೆನೋ, ತಿಳಿಯದು. ಪೆಟ್ರೋಲಿಗೂ ಸೀಮೆಎಣ್ಣೆಗೂ ಇರುವ ವ್ಯತ್ಯಾಸ ನನ್ನ ಮೂಗಿಗೆ ಗೊತ್ತಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿದೆ. ಹಿಂದಿನ ರಾತ್ರಿಯವರೆಗೆ ಹಡಗಿನ ಸುದ್ದಿ ಓದಿದ ಮೂಗಿಗೂ ಅದು ಗೊತ್ತಿತ್ತೇ ಎಂಬುದು ನನ್ನ ಪ್ರಶ್ನೆ.

“ಇವತ್ತು ಬೇಡ ಅಕ್ಕ,” ಎಂದೆ.

“ಬೇಡವಾ? ಬೋಣಿ ಮಾರಾಯ್ರೆ. ನಾಲ್ಕೇ ನಾಲ್ಕು ತಕೊಳ್ಳಿ.”

“ವಾಸನೆ ಉಂಟು.”

“ಮೀನಿಗೆ ಮೀನಿನ ವಾಸನೆ ಇಲ್ಲದೆ ಮಲ್ಲಿಗೆಯದ್ದು ಬರ್ತದಾ?”

“ಎಣ್ಣೆಯ ವಾಸನೆ. ಹಡಗಿನದ್ದು. ಬೇಡ.”

ಇಷ್ಟಾದ ಮೇಲೆ ಅವಳು ಏನೂ ಹೇಳದೆ ಬುಟ್ಟಿ ಎತ್ತಿಕೊಂಡು ಓಣಿಯಿಂದ ಹೊರಗೆ ನಡೆದಳು, ನಾನು ಗೇಟು ಹಾಕಿ ಒಳಗೆ ಬಂದೆ, ಚಹಾ ಕುಡಿದೆ, ಯೋಚಿಸಿದೆ, ಆಮೇಲೆ ಗುಂಪಿಗೆ ಒಂದು ಧ್ವನಿ ಸಂದೇಶ ಕಳಿಸಿದೆ. ಅದರಲ್ಲಿ ನಾನು ಕೇಳಿದ್ದು ಒಂದು ಪ್ರಶ್ನೆ: ಇವತ್ತಿನ ಮೀನಿಗೆ ಎಣ್ಣೆಯ ವಾಸನೆ ಇದ್ದಂತಿದೆ, ಬೇರೆಯವರಿಗೂ ಹಾಗನಿಸಿತೇ? ಒಬ್ಬ ಎಚ್ಚರದ ಮನುಷ್ಯ ಕೇಳಬೇಕಾದ ಪ್ರಶ್ನೆ. ಬಹಳ ದಿನ ನಾನು ಹೀಗೇ ನಂಬಿದ್ದೆ.

ಮಧ್ಯಾಹ್ನದೊಳಗೆ ಗುಂಪು ಹೊತ್ತಿಕೊಂಡಿತು. ಒಬ್ಬರಿಗೆ ಹಿಂದಿನ ವಾರದ ಮೀನಿನಲ್ಲೂ ವಾಸನೆ ಇದ್ದದ್ದು ನೆನಪಾಯಿತು. ಇನ್ನೊಬ್ಬರ ಮಗುವಿಗೆ ಹೊಟ್ಟೆನೋವು ಬಂದಿತ್ತು. ಮತ್ತೊಬ್ಬರು ತಮ್ಮ ಬೆಕ್ಕು ಮೂಸಿ ಬಿಟ್ಟುಹೋಯಿತು ಎಂದರು. ‘ಮಾಸ್ಟ್ರೇ ಹೇಳಿದ ಮೇಲೆ ಮುಗೀತು’ ಎಂದು ಯಾರೋ ಬರೆದರು. ಸಂಜೆ ನನ್ನ ಸಂದೇಶವನ್ನು ಯಾರಿಗೂ ಕಾಣದಂತೆ ಅಳಿಸಿದೆ. ಖಚಿತವಿಲ್ಲದ ಮಾತು ಉಳಿಯಬಾರದು ಎಂದು ಅಳಿಸಿದೆ ಎಂದುಕೊಂಡೆ. ಖಚಿತವಿಲ್ಲ ಎಂದು ಒಂದು ಸಾಲು ಬರೆದು ಹಾಕಲು ಮಾತ್ರ ನನ್ನ ಬೆರಳು ಏಳಲಿಲ್ಲ.

ಮಾರನೆಯ ದಿನ ಅಕ್ಕ ಬಂದಾಗ ನಾನು ಕಾಲೇಜಿಗೆ ಬೇಗ ಹೊರಟಿದ್ದೆ. ಅದರ ಮರುದಿನವೂ. ಒಂದು ಗೇಟೂ ತೆರೆಯಲಿಲ್ಲ ಎಂದು ಹೆಂಡತಿ ಹೇಳಿದಳು. ನಮ್ಮ ಗೇಟನ್ನು ತೆರೆಯಲು ಅವಳು ಹೋಗಿದ್ದಳಂತೆ. ಅಕ್ಕ ಮೆಟ್ಟಿಲ ಹತ್ತಿರ ನಿಂತು, ಬುಟ್ಟಿ ಇಳಿಸದೆ, ಮುಂದೆ ನಡೆದಳಂತೆ.

ಐದನೆಯ ದಿನ ಭಾನುವಾರ. ನಾನು ಮನೆಯಲ್ಲಿದ್ದೆ. ಹತ್ತು ಗಂಟೆಯ ಹೊತ್ತಿಗೆ ಅವಳ ದನಿ ಓಣಿಯ ನಡುವಿನಿಂದ ಕೇಳಿಸಿತು. ಮೀನು ಬೇಕಾ ಎಂದು ಕೂಗುವ ದನಿ ಅದಾಗಿರಲಿಲ್ಲ. ಹೊರಗೆ ಬಂದು ನೋಡಿದರೆ, ತುಂಬಿದ ಬುಟ್ಟಿಯನ್ನು ರಸ್ತೆಯ ಮೇಲಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು.

“ನನ್ನ ಮೀನಿಗೆ ವಿಷ ಅಂತ ಹೇಳಿದ್ದು ಯಾರು? ಮುಖ ತೋರಿಸ್ಲಿ. ವರ್ಷವಿಡೀ ದೊಡ್ಡ ಬೋಟಿನ ಮೀನಿನ ಎದುರು ನನ್ನ ತಮ್ಮನ ದೋಣಿಯ ಮೀನನ್ನು ಯಾರು ಕೇಳ್ತಾರೆ? ಈ ಎರಡು ತಿಂಗಳು ನಮ್ಮದು. ಅದನ್ನೂ ತೆಗೆದ್ರಲ್ಲಾ ನೀವು! ಐದು ದಿನದಿಂದ ತಂದದ್ದನ್ನು ಹಾಗೇ ಹೊತ್ತುಕೊಂಡು ಹೋಗ್ತಿದ್ದೇನೆ. ಮನೆಯ ಮಕ್ಕಳು ಕೂಡ ಕೇಳ್ತಾರೆ, ಅಜ್ಜಿ ಇದು ವಿಷದ್ದಾ ಅಂತ.”

ಗೇಟುಗಳ ಹಿಂದೆ ಮುಖಗಳು ಕಂಡವು. ನನ್ನ ಸಂದೇಶ ಕೇಳಿದ್ದವರೂ ಮಾಸ್ಟ್ರ ಹೆಸರು ಎತ್ತಲಿಲ್ಲ. ಅವಳು ಒಂದೊಂದೇ ಗೇಟಿನ ಕಡೆ ತಿರುಗಿದಳು. ನನ್ನ ಗೇಟಿನ ಕಡೆಗೂ ತಿರುಗಿದಳು. ಉಳಿದವುಗಳಿಗಿಂತ ಹೆಚ್ಚು ಹೊತ್ತು ಅಲ್ಲೇ ನಿಂತಳೇ? ಈಗ ಹಾಗೆ ಕಾಣುತ್ತದೆ. ಆಗ ಹಾಗೆ ಕಂಡಿತ್ತೋ ಇಲ್ಲವೋ ಗೊತ್ತಿಲ್ಲ.

ಎದುರುಮನೆಯ ಗಂಡಸೊಬ್ಬರು ಕಾಂಪೌಂಡಿನ ಒಳಗಿನಿಂದಲೇ ಹೇಳಿದರು: “ಗ್ರೂಪಿನ ಅಡ್ಮಿನ್ ಬಾಯಮ್ಮ ಅಲ್ವಾ? ಅವ್ರನ್ನೇ ಕೇಳು ಮಾರಾಯ್ತಿ. ನಮಗೆಂತ ಗೊತ್ತು?”

ಬಾಯಮ್ಮ ಎಂದರೆ ಓಣಿಯ ನಾಲ್ಕನೆಯ ಮನೆಯ ಕೊಂಕಣಿ ಹೆಂಗಸು. ಕುವೈತಿನಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾಗಿ ಬಂದವರು, ಒಬ್ಬರೇ ಇರುವವರು. ಭಾನುವಾರದ ಪೂಜೆ ಮುಗಿಸಿ ಆಗಷ್ಟೇ ಬಂದಿದ್ದರು, ಚರ್ಚಿಗೆ ಉಟ್ಟ ಸೀರೆಯಲ್ಲೇ ಹೊರಗೆ ಬಂದರು. ಅಕ್ಕ ಅವರ ಕಡೆ ನಡೆದಳು. ಇಬ್ಬರ ನಡುವೆ ಗೇಟು ಮಾತ್ರ ಇತ್ತು.

“ಹೇಳಿ ಬಾಯಮ್ಮ. ನೀವಾ?”

“ನಾನು ಹೇಳಿದ್ರೆ ನಿನ್ನ ಮುಖಕ್ಕೇ ಹೇಳ್ತಿದ್ದೆ. ನಿಂಗೆ ಗೊತ್ತುಂಟು ಅದು.”

“ಮತ್ತೆ ಯಾರು?”

ಬಾಯಮ್ಮ ಉತ್ತರ ಕೊಡಲಿಲ್ಲ. ಓಣಿಯ ಕಣ್ಣೆಲ್ಲ ಅವರ ಮೇಲಿತ್ತು. ‘ಹೇಳದೆ ಇದ್ದರೆ ಅವರೇ ಇರಬೇಕು’ ಎಂದು ಪಕ್ಕದಲ್ಲಿ, ಅಳಿಸುವ ಮೊದಲು ನನ್ನ ಸಂದೇಶ ಕೇಳಿರದ ಯಾರೋ ಪಿಸುಗುಟ್ಟಿದ್ದು ನನಗೂ ಕೇಳಿಸಿತು. ಅಕ್ಕ ಇನ್ನಷ್ಟು ಹೊತ್ತು ಕಾದಳು. ಕೊನೆಗೆ ಬುಟ್ಟಿ ಎತ್ತಲು ಬಗ್ಗಿದಳು. ತುಂಬಿದ ಬುಟ್ಟಿ ತಲೆಗೇರಿಸಲು ಇನ್ನೊಬ್ಬರ ಕೈ ಬೇಕು. ಯಾರೂ ಬರಲಿಲ್ಲ. ಬಾಯಮ್ಮನೇ ಗೇಟು ತೆರೆದು ಬಂದು ಕೈ ಕೊಟ್ಟರು.

ಆ ಹೊತ್ತಿನಲ್ಲಿ ನಾನು ‘ಅಕ್ಕಾ, ಒಂದು ನಿಮಿಷ’ ಎಂದು ಕೂಗಿದ್ದೆ. ಅಷ್ಟರಲ್ಲಿ ಒಂದು ರಿಕ್ಷಾ ಹಾರನ್ ಹೊಡೆಯುತ್ತಾ ಇಳಿಜಾರಿನಲ್ಲಿ ಬಂತು, ನನ್ನ ದನಿ ಮುಚ್ಚಿಹೋಯಿತು. ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೆಂಡತಿಗೆ ಹೇಳಿದೆ.

“ಯಾವ ರಿಕ್ಷಾ?” ಎಂದಳು.

“ಆಗ ಬಂತಲ್ಲ.”

“ನಾನು ನಿಮ್ಮ ಹಿಂದೆಯೇ ಇದ್ದೆ. ರಿಕ್ಷಾ ಇಲ್ಲ, ಎಂತ ಇಲ್ಲ. ನೀವು ಗೇಟಿನ ಚಿಲಕ ಹಿಡಿದು ನಿಂತಿದ್ರಿ. ಬಾಯಿ ತೆರೀಲಿಲ್ಲ.”

ಬಟ್ಟಲಿಗೆ ಮೊಟ್ಟೆಯ ಸಾರು ಹಾಕಿದಳು. ಮೀನು ಮನೆಗೆ ಬಂದು ವಾರವಾಗುತ್ತಾ ಬಂದಿತ್ತು. ನಾಳೆಗೂ ಮೊಟ್ಟೆಯೇ ಎಂದು ಕೇಳಿದ್ದಕ್ಕೆ, ಡಬ್ಬಿಯಿಂದ ಎರಡು ತಂದು ಎದುರಿಗಿಟ್ಟಳು. “ಮೂಸಿ ನೋಡಿ ಹೇಳಿ. ಹಡಗಿನ ವಾಸನೆ ಇಲ್ಲದಿದ್ರೆ ಬೇಯಿಸ್ತೇನೆ.” ನಗಿಸಲು ಹೇಳಿದ್ದಲ್ಲ ಅದು.

ಅಕ್ಕ ಮತ್ತೆ ಬರಲಿಲ್ಲ. ಬಾಯಮ್ಮ ಗುಂಪಿನಲ್ಲಿ ಏನು ಹಾಕಿದರೂ ಯಾರೂ ಉತ್ತರಿಸುತ್ತಿರಲಿಲ್ಲ. ನೀರಿನ ಟ್ಯಾಂಕರ್ ಯಾವಾಗ ಬರುತ್ತದೆ ಎಂದು ಅವರು ಕೇಳಿದ ಪ್ರಶ್ನೆ ಎರಡು ದಿನ ಹಾಗೇ ಬಿದ್ದಿತ್ತು. ಕಾಲೇಜಿಗೆ ಹೋಗುವಾಗ ಅವರ ಮನೆಯ ಕಡೆ ನೋಡದಿರಲು ಕಲಿತೆ. ಮನಸ್ಸಿನಲ್ಲಿ ಒಂದೇ ವಾದ ತಿರುಗುತ್ತಿತ್ತು: ವಾಸನೆ ಇದ್ದದ್ದು ನಿಜವಾದರೆ ನಾನು ತಪ್ಪು ಮಾಡಿಲ್ಲ. ಹಾಗಾಗಿ ವಾಸನೆಯನ್ನೇ ಮತ್ತೆ ಮತ್ತೆ ನೆನೆಯುತ್ತಿದ್ದೆ. ನೆನೆದಷ್ಟೂ ಅದು ಗಟ್ಟಿಯಾಗುತ್ತಿತ್ತು. ಅದೇ ನನ್ನನ್ನು ಹೆದರಿಸಿತು. ಹಳೆಯದಾಗುತ್ತಾ ಬಲವಾಗುವ ವಾಸನೆಯನ್ನು ಯಾವ ಲ್ಯಾಬಿನಲ್ಲೂ ನಾನು ಕಂಡಿಲ್ಲ.

ಮೂರು ವಾರ ಕಳೆದಿರಬೇಕು. ಪರೀಕ್ಷೆಯ ಕೆಲಸಕ್ಕೆಂದು ಸುರತ್ಕಲ್ ಕಡೆ ಹೋದವನು, ಕೆಲಸ ಬೇಗ ಮುಗಿದದ್ದರಿಂದ ಸ್ಕೂಟರನ್ನು ದಂಡೆಯ ಕಡೆ ತಿರುಗಿಸಿದೆ. ಕಡಲ ಊರಿನಲ್ಲೇ ಬೆಳೆದು ನಾನು ಮೀನು ತಿಂದಿದ್ದೇನೆಯೇ ಹೊರತು ಅದು ಬರುವ ದೋಣಿಯನ್ನು ಹತ್ತಿರದಿಂದ ನೋಡಿರಲಿಲ್ಲ. ಮರಳಿನ ಮೇಲೆ ಸಣ್ಣ ದೋಣಿಗಳನ್ನು ಎಳೆದಿಟ್ಟಿದ್ದರು. ಒಂದರ ಹಿಂಬದಿಯ ಇಂಜಿನಿನ ಟ್ಯಾಂಕಿಗೆ ಒಬ್ಬ ಕ್ಯಾನಿನಿಂದ ಏನನ್ನೋ ಸುರಿಯುತ್ತಿದ್ದ. ಹತ್ತು ಹೆಜ್ಜೆ ದೂರದಲ್ಲೇ ನನ್ನ ಕಾಲು ನಿಂತಿತು. ಅದೇ ವಾಸನೆ.

“ಇದಕ್ಕೆ ಸೀಮೆಎಣ್ಣೆಯಾ ಹಾಕುವುದು?” ಎಂದು ಕೇಳಿದೆ.

“ಮತ್ತೆಂತ ಹಾಕುವುದು ಸರ್, ತೆಂಗಿನೆಣ್ಣೆಯಾ?”

“ಮೀನಿಗೆ ವಾಸನೆ ಹತ್ತುವುದಿಲ್ವಾ?”

“ಕ್ಯಾನ್ ತುಳುಕಿದ್ರೆ ಹತ್ತುತ್ತದೆ. ಬಲೆಗೆ, ಕೈಗೆ, ಮೇಲಿನ ಮೀನಿಗೆ. ನೀರಲ್ಲಿ ತೊಳೆದ್ರೆ ಹೋಯ್ತು. ಗೊತ್ತಿದ್ದವರು ಆ ವಾಸನೆ ನೋಡಿಯೇ ತಕೊಳ್ತಾರೆ. ಬೆಳಿಗ್ಗೆ ದೋಣಿಯಿಂದ ಇಳಿಸಿದ ಮೀನು ಅಂತ. ಐಸಿನ ಮೀನಿಗೆ ಈ ವಾಸನೆ ಬರ್ಬೇಕಾದ್ರೆ ಕ್ಯಾನ್ ತಂದು ಹೊಯ್ಬೇಕು ಸರ್.” ತನ್ನ ಮಾತಿಗೆ ತಾನೇ ನಕ್ಕ.

ಅವನು ಅಕ್ಕನ ತಮ್ಮನೇ ಆಗಿದ್ದರೆ? ಕೇಳುವ ಧೈರ್ಯವಾಗಲಿಲ್ಲ. ಕೂಳೂರು ಸೇತುವೆಯ ಮೇಲೆ ಲಾರಿಗಳ ಸಾಲಿನ ನಡುವೆ ಸಿಕ್ಕಿಕೊಂಡು ನಿಂತಿದ್ದಾಗ, ನನ್ನ ಮೂಗು ಸರಿಯಾಗಿತ್ತು ಎಂಬ ಸಮಾಧಾನ ಬರಬಹುದೇ ಎಂದು ನೋಡಿದೆ. ಬರಲಿಲ್ಲ. ಆ ದಿನದ ಮೀನು ತಾಜಾ ಎನ್ನುವುದಕ್ಕೆ ಇದ್ದ ಗುರುತನ್ನೇ ನಾನು ವಿಷದ ಗುರುತೆಂದು ಸಾರಿದ್ದೆ.

ಆ ಸಂಜೆಯೇ ಗುಂಪಿನಲ್ಲಿ ಬರೆದೆ. ವಾಸನೆಯ ಮಾತು ಆಡಿದ್ದು ನಾನು, ಬಾಯಮ್ಮ ಅಲ್ಲ, ಅದು ದೋಣಿಯ ಇಂಜಿನಿನದ್ದು, ನನ್ನದು ತಪ್ಪು. ನಾಲ್ಕು ಹೆಬ್ಬೆರಳು ಬಂದವು. ಒಬ್ಬರು ಕೈ ಮುಗಿಯುವ ಚಿತ್ರ ಹಾಕಿದರು. ಬೆಕ್ಕಿನವರು ಏನೂ ಹೇಳಲಿಲ್ಲ. ಅಷ್ಟರಿಂದ ತೃಪ್ತಿಯಾಗದೆ ಬಾಯಮ್ಮನ ಮನೆಗೆ ಹೋದೆ. ಅವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು.

“ಬಂದ್ರಾ ಪ್ರೊಫೆಸರೇ. ಪೇಷೆಂಟ್ ಸತ್ತ ಮೇಲೆ ಡಯಾಗ್ನೋಸಿಸ್ ತಂದ್ರಾ?”

“ಅವತ್ತು ನೀವು ನನ್ನ ಹೆಸರು ಹೇಳಬಹುದಿತ್ತು.”

“ನೀವೂ ಹೇಳಬಹುದಿತ್ತು.” ಬಾಗಿಲಿಗೆ ಒರಗಿ ಹೇಳಿದರು: “ವಾರ್ಡಿನಲ್ಲಿ ಎಂತ ಆದ್ರೂ ಬೈಗುಳ ಸಿಸ್ಟರಿಗೆ. ನಂಗೆ ಅಭ್ಯಾಸ ಉಂಟು. ಅವಳಿಗೆ ಇಲ್ಲ. ನಾಳೆ ಫೋನ್ ಮಾಡ್ತೇನೆ. ಬರುವುದು ಬಿಡುವುದು ಅವಳ ಇಷ್ಟ.”

ಅಕ್ಕ ಎರಡು ದಿನ ಬರಲಿಲ್ಲ. ಮೂರನೆಯ ಬೆಳಿಗ್ಗೆ ಓಣಿಯ ಬಾಯಲ್ಲಿ ರಿಕ್ಷಾ ನಿಂತ ಸದ್ದಾಯಿತು. ನಾನು ಗೇಟು ತೆರೆದು ಮೆಟ್ಟಿಲ ಮೇಲೆ ನಿಂತೆ. ಕೈಯಲ್ಲಿ ನೋಟು ಹಿಡಿದಿದ್ದೆ. ಅಕ್ಕ ಬಂದಳು. ನನ್ನ ಮೆಟ್ಟಿಲನ್ನು ದಾಟಿ, ನಾಲ್ಕನೆಯ ಗೇಟಿನವರೆಗೆ ನಡೆದು, ಬುಟ್ಟಿ ಇಳಿಸಿದಳು. ಬಾಯಮ್ಮ ಕೊಟ್ಟ ನೋಟನ್ನು ಕಣ್ಣಿಗೊತ್ತಿ ಬುಟ್ಟಿಯ ಅಂಚಿಗೆ ಮುಟ್ಟಿಸಿದಳು. ಅದು ಮುಗಿಯುವವರೆಗೆ ಕಾದು, ನಾನೂ ಅಲ್ಲಿಗೆ ನಡೆದೆ.

“ಎಂತ ಮಾಸ್ಟ್ರೆ, ಮೂಸುವುದಿಲ್ವಾ?” ತಲೆ ಎತ್ತದೆ ಕೇಳಿದಳು.

“ಅವತ್ತು ಹೇಳಿದ್ದು ನಾನು, ಅಕ್ಕ.”

“ಗೊತ್ತುಂಟು.”

“ಬಾಯಮ್ಮ ಫೋನಿನಲ್ಲಿ ಹೇಳಿದ್ರಾ?”

“ಅವರು ಯಾಕೆ ಹೇಳ್ಬೇಕು? ನಂಗೆ ಅವತ್ತೇ ಗೊತ್ತು.” ಬಂಗುಡೆಗಳನ್ನು ಎಣಿಸಿ ಪ್ಲಾಸ್ಟಿಕ್ ತೊಟ್ಟೆಗೆ ಹಾಕಿದಳು. “ಬಂದು ಎಲ್ಲರ ಎದುರು ಹೇಳ್ತೀರಾ ಅಂತ ನಿಂತಿದ್ದೆ ಆ ಭಾನುವಾರ. ಕಾಲು ನೋವು ಬಂತು.”

ತೊಟ್ಟೆ ಹಿಡಿದು ನಿಂತೇ ಇದ್ದೆ. ಅವತ್ತೇ ಹೇಗೆ ಗೊತ್ತು? ಅವಳು ಓಣಿ ಬಿಟ್ಟು ಹೋದ ಮೇಲೆ, ಗೇಟು ಹಾಕಿ, ಚಹಾ ಕುಡಿದು, ಆಮೇಲೆ ತಾನೇ ನಾನು ಸಂದೇಶ ಕಳಿಸಿದ್ದು? ಅವಳು ಮುಂದಿನ ಗೇಟಿಗೆ ಹೋದ ಮೇಲೆ ಇದನ್ನೇ ಬಾಯಮ್ಮನ ಮುಂದೆ ಹೇಳಿದೆ. ಅವರು ನನ್ನ ಮುಖವನ್ನು ನೋಡಿದರು, ರೋಗಿಯ ಕಣ್ಣಿನ ಕೆಳಗೆ ಎಳೆದು ನೋಡುವವರ ಹಾಗೆ.

“ಅಳಿಸಿದ್ರೆ ಹೋಗ್ತದೆ ಅಂದ್ಕೊಂಡಿದ್ರಾ? ಅವತ್ತೇ ಕುವೈತಿನ ತಂಗಿಗೆ ಫಾರ್ವರ್ಡ್ ಮಾಡಿದ್ದೆ, ಅಲ್ಲಿಯೂ ಹೀಗುಂಟಾ ಅಂತ ಕೇಳ್ಲಿಕ್ಕೆ. ನನ್ನ ಫೋನಲ್ಲಿ ಉಂಟು. ಕೇಳಿ.”

ಮೆಟ್ಟಿಲ ಮೇಲೆ ಕೂತು, ಮೊಬೈಲನ್ನು ಕಿವಿಗೆ ಒತ್ತಿ ಕೇಳಿದೆ. ಹದಿನೇಳು ಸೆಕೆಂಡು. “ಎಲ್ಲರ ಗಮನಕ್ಕೆ. ಇವತ್ತಿನ ಮೀನಿಗೆ ಎಣ್ಣೆಯ ವಾಸನೆ ಉಂಟು, ನಾನೇ ನೋಡಿದ್ದೇನೆ. ಆ ಹಡಗಿನದ್ದೇ. ಯಾರೂ ತಕೊಳ್ಳಬೇಡಿ.” ಪ್ರಶ್ನೆ ಎಲ್ಲೂ ಇರಲಿಲ್ಲ. ಮಳೆಯ ಸದ್ದು ಇತ್ತೋ ಇಲ್ಲವೋ, ಹೇಳಲಾರೆ. ಎರಡನೆಯ ಸಲ ಕೇಳಿದೆ, ಮೂರನೆಯ ಸಲ ಕೇಳಿದೆ, ಮನೆಯಿಂದ ಇಯರ್‌ಫೋನ್ ತಂದು ನಾಲ್ಕನೆಯ ಸಲವೂ ಕೇಳಿದೆ. ನನ್ನ ಮಾತಿನ ಹಿಂದೆ, ಒಂದೆರಡು ಅಡಿ ದೂರದಿಂದ, ಅಕ್ಕನ ದನಿ ಎರಡು ಸಲ ಸ್ಪಷ್ಟವಾಗಿ ಹೇಳುತ್ತದೆ: “ಅದು ದೋಣಿಯ ಇಂಜಿನಿನ ಸೀಮೆಎಣ್ಣೆ ಮಾಸ್ಟ್ರೆ, ಹಡಗಿನದ್ದಲ್ಲ.”